ಕೇಳದೇ ಬಿಲ್ಲು ಹತ್ತಿದ 99 ರೂಪಾಯಿ

ಟೆಲಿಫೋನ್ ಬಿಲ್ ವಿಭಾಗದಲ್ಲಿ 31 ವರ್ಷ ಕುಳಿತು ನಿವೃತ್ತಳಾದವಳು ನಾನು ಎಂದು ಒಮ್ಮೆ ಬಾಯಿ ತಪ್ಪಿ ಈ ಅಂಕಣದಲ್ಲಿ ಬರೆದುಬಿಟ್ಟೆ. ಅಂದಿನಿಂದ ಬೇರೆ ಪ್ರಶ್ನೆಗಳೇ ನಿಂತುಹೋಗಿವೆ. ಬಾಗಲಕೋಟೆ ನವನಗರದ ನನ್ನ ಮನೆಯ ಮೇಜಿನ ಮೇಲೆ ಈಗ ಬರೀ ಬಿಲ್ಲುಗಳ ಜೆರಾಕ್ಸ್. ಈ ಸಲ ಬೇರೇನೂ ಬೇಡ, ಇವನ್ನೇ ಮುಗಿಸುತ್ತೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಮ್ಮದು ನಾಲ್ಕು ವಿದ್ಯುತ್ ಮಗ್ಗಗಳ ಮನೆ. ನನ್ನ ಮೊಬೈಲ್ ಪೋಸ್ಟ್‌ಪೇಡ್. ತಿಂಗಳಿಗೆ 399, ತೆರಿಗೆ ಸೇರಿ 470 ರೂಪಾಯಿ 82 ಪೈಸೆ. ಬ್ಯಾಂಕಿನಿಂದ ತಾನಾಗಿಯೇ ಕಡಿತವಾಗುತ್ತದೆ. ಪಾಸ್‌ಬುಕ್ ತುಂಬಿಸಿದಾಗ ಐದು ತಿಂಗಳಿಂದ 587 ರೂಪಾಯಿ 64 ಪೈಸೆ ಹೋಗುತ್ತಿರುವುದು ಕಂಡಿತು. ಜಮಖಂಡಿಯಲ್ಲಿ ಕಂಪನಿಯ ಅಂಗಡಿಗೆ ಹೋದರೆ, ‘ಗೇಮ್ಸ್ ಪ್ಯಾಕ್ ಹಾಕಿಸಿಕೊಂಡಿದ್ದೀರಿ ಕಾಕಾ, ನೀವೇ ಒತ್ತಿರಬೇಕು’ ಎಂದು ಹುಡುಗ ನಕ್ಕ. ಬಂದ್ ಮಾಡಿಕೊಟ್ಟ. ಒಂದು ತಿಂಗಳು ಸುಮ್ಮನಿತ್ತು. ಈ ತಿಂಗಳ ಬಿಲ್ಲಿನಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಅದೇ 99. ನನಗೀಗ 58 ವರ್ಷ, ಚೌಕಾಬಾರ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಇದನ್ನು ಪೂರ್ತಿ ನಿಲ್ಲಿಸುವುದು ಹೇಗೆ? ಹೋದ ಹಣ ಬರುತ್ತದೆಯೇ?
— ನೇಕಾರರೊಬ್ಬರು, ಬನಹಟ್ಟಿ

ಉತ್ತರ: ಮೊದಲು ಲೆಕ್ಕ ಮಾಡೋಣ. ಮಾಮೂಲು ಬಿಲ್ಲಿಗೂ ಈ ಬಿಲ್ಲಿಗೂ ಇರುವ ಅಂತರ 116 ರೂಪಾಯಿ 82 ಪೈಸೆ. ಅದರಲ್ಲಿ 99 ರೂಪಾಯಿ ಆಟದ್ದು, 17 ರೂಪಾಯಿ 82 ಪೈಸೆ ಅದರ ಮೇಲಿನ ಶೇಕಡಾ 18ರ ಜಿಎಸ್‌ಟಿ. ಕೇಳದ ಸರಕಿಗೆ ನೀವು ಸರಕಾರಕ್ಕೆ ತೆರಿಗೆಯನ್ನೂ ತಪ್ಪದೆ ಕಟ್ಟಿದ್ದೀರಿ! ಮೊದಲಿನ ಐದು ತಿಂಗಳು, ಈಗಿನದು ಒಂದು, ಒಟ್ಟು ಆರು ತಿಂಗಳಿಗೆ 700 ರೂಪಾಯಿ 92 ಪೈಸೆ. ಈ ಅಂಕಿಯನ್ನು ಪೈಸೆ ಸಮೇತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ‘ಸುಮಾರು ಏಳುನೂರು’ ಎಂದರೆ ಕೌಂಟರಿನವನೂ ಸುಮಾರಾಗಿಯೇ ಕೇಳಿಸಿಕೊಳ್ಳುತ್ತಾನೆ. ‘ಏಳುನೂರು ರೂಪಾಯಿ ತೊಂಬತ್ತೆರಡು ಪೈಸೆ’ ಎಂದರೆ ತಲೆ ಎತ್ತಿ ನೋಡುತ್ತಾನೆ. ಕೌಂಟರಿನ ಒಳಬದಿಯಲ್ಲಿ ಕುಳಿತು ಎಷ್ಟೋ ಸಲ ನಾನೇ ಹಾಗೆ ತಲೆ ಎತ್ತಿದ್ದೇನೆ.

‘ನೀವೇ ಒತ್ತಿರಬೇಕು’ ಎಂಬ ಮಾತಿನಲ್ಲಿ ಕಾಲು ಭಾಗ ನಿಜವಿದೆ. ಮುಕ್ಕಾಲು ಭಾಗವನ್ನು ಆ ಹುಡುಗ ಹೇಳಲಿಲ್ಲ, ಬಹುಶಃ ಅವನಿಗೂ ಗೊತ್ತಿರಲಿಕ್ಕಿಲ್ಲ. ಮೊಬೈಲ್ ಡೇಟಾದಲ್ಲಿ ನೀವು ಯಾವುದೋ ಪುಟ ನೋಡುತ್ತಿರುತ್ತೀರಿ. ಹತ್ತಿ ನೂಲಿನ ದರವೋ, ಶ್ರಾವಣದ ಭಜನೆಯೋ, ಏನೋ ಒಂದು. ನಡುವೆ ಒಂದು ಜಾಹೀರಾತು ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಲು ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಲು ಹೋಗುತ್ತೀರಿ. ಆದರೆ ಅದರ ಕೆಳಗೆ ಕಣ್ಣಿಗೆ ಕಾಣದಂತೆ ಇಟ್ಟಿರುವುದು ‘ಚಂದಾದಾರನಾಗುತ್ತೇನೆ’ ಎಂಬ ಗುಂಡಿ. ನಿಮ್ಮ ನಂಬರನ್ನು ನೀವು ಎಲ್ಲಿಯೂ ಬರೆದಿರುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. ಡೇಟಾ ಕಂಪನಿಯದೇ ಆದ್ದರಿಂದ ಪುಟ ತೆರೆದವರ ನಂಬರು ಯಾವುದೆಂದು ಕಂಪನಿಯ ಯಂತ್ರವೇ ಆ ಪುಟಕ್ಕೆ ತಿಳಿಸಿಬಿಡುತ್ತದೆ. ವೈಫೈನಲ್ಲಿ ಇದ್ದಿದ್ದರೆ ಈ ಸೌಕರ್ಯ ಅವರಿಗೆ ಸಿಗುತ್ತಿರಲಿಲ್ಲ, ನಂಬರು ಮತ್ತು ಒಟಿಪಿ ಕೇಳಲೇಬೇಕಾಗುತ್ತಿತ್ತು.

ಇದಕ್ಕಿಂತ ಖದೀಮ ದಾರಿಯೂ ಇದೆ. ಜೋಕರ್ ಎಂದು ಕರೆಯುವ ಒಂದು ಜಾತಿಯ ಆ್ಯಪ್‌ಗಳು ಫೋಟೊ ತಿದ್ದುವ, ಗೋಡೆಚಿತ್ರ ಕೊಡುವ ವೇಷದಲ್ಲಿ ಬಂದು, ಮೆಸೇಜ್ ಓದುವ ಅನುಮತಿ ಪಡೆದು, ನಿಮ್ಮ ಪರವಾಗಿ ತಾವೇ ಚಂದಾ ಕಟ್ಟಿ, ಬಂದ ಒಟಿಪಿಯನ್ನೂ ತಾವೇ ತುಂಬುತ್ತವೆ. 2020ರ ಜನವರಿ ಹೊತ್ತಿಗೆ ಗೂಗಲ್ ತನ್ನ ಪ್ಲೇ ಸ್ಟೋರಿನಿಂದ ಇಂಥ 1,700 ಆ್ಯಪ್‌ಗಳನ್ನು ಹೆಕ್ಕಿ ತೆಗೆದಿತ್ತು. ಬಂದ್ ಮಾಡಿದರೂ ಬೇರೆ ಹೆಸರಿನಲ್ಲಿ ಮತ್ತೆ ಹತ್ತಿದೆ ಎಂದಿರಲ್ಲ, ಅದು ನನಗೆ ಈ ಗುಮಾನಿ ಹುಟ್ಟಿಸುತ್ತಿದೆ. ಮನೆಯಲ್ಲಿ ತಿಳಿದವರನ್ನು ಕೂರಿಸಿಕೊಂಡು ಫೋನಿನಲ್ಲಿರುವ ಆ್ಯಪ್‌ಗಳನ್ನು ಒಂದೊಂದಾಗಿ ನೋಡಿ. ಹಾಕಿದ ನೆನಪಿಲ್ಲದ್ದನ್ನು ತೆಗೆದುಹಾಕಿ. ಟಾರ್ಚಿನ ಆ್ಯಪಿಗೆ ನಿಮ್ಮ ಮೆಸೇಜು ಓದುವ ಉಸಾಬರಿ ಏಕೆ?

ಈಗ ನಿಯಮಕ್ಕೆ ಬರೋಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಹೆಚ್ಚುವರಿ ಸೇವೆ ಹತ್ತಿಸಲು ಗ್ರಾಹಕರ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕು. ಮೊದಲ ಸಲ ಕೇಳಿದ್ದಾದ ಮೇಲೆ, ‘ನಿಜವಾಗಿಯೂ ಬೇಕೇ?’ ಎಂದು ಇನ್ನೊಮ್ಮೆ ಕೇಳಿ, ಹೌದು ಎಂಬ ಉತ್ತರ ಬಂದರೆ ಮಾತ್ರ ಹಣ ಹಾಕಬಹುದು. ಇದು ನಿಮ್ಮ ಕೈಯಲ್ಲಿರುವ ದೊಣ್ಣೆ. ‘ನಾನು ಒತ್ತಿಲ್ಲ’ ಎಂದು ಆಣೆ ಪ್ರಮಾಣ ಮಾಡುತ್ತ ನಿಲ್ಲಬೇಡಿ. ‘ನನ್ನ ಎರಡೂ ಒಪ್ಪಿಗೆಗಳ ದಾಖಲೆ ತೋರಿಸಿ’ ಎನ್ನಿ.

ಇಲ್ಲಿ ನನ್ನ ಕಾಲದ ಒಂದು ಮಾತು ಹೇಳಬೇಕು. ಆಗ ಎಕ್ಸ್‌ಚೇಂಜಿನ ಗೋಡೆಯ ಮೇಲೆ ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ಪುಟ್ಟ ಮೀಟರು ಇರುತ್ತಿತ್ತು. ಸಾಲುಸಾಲು ಮೀಟರುಗಳ ಫೋಟೊ ತೆಗೆದು, ಆ ಫಿಲ್ಮಿಗೆ ಭೂತಗನ್ನಡಿ ಹಿಡಿದು ಅಂಕಿ ಬರೆದುಕೊಳ್ಳುತ್ತಿದ್ದೆವು. ಒಮ್ಮೆ ಅಡತಿ ಅಂಗಡಿಯವರೊಬ್ಬರಿಗೆ ಎಸ್‌ಟಿಡಿ ಬಿಲ್ಲು ಎಂದಿನ ಹತ್ತು ಪಟ್ಟು ಬಂತು. ರಾತ್ರಿ ಹೊತ್ತು ಯಾರೋ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಅವರ ತಂತಿಗೆ ತಂತಿ ಜೋಡಿಸಿ ಮುಂಬಯಿಗೆ ಮಾತನಾಡುತ್ತಿದ್ದರು. ನಮ್ಮ ಮೇಲಧಿಕಾರಿ ಫಿಲ್ಮು ತೋರಿಸಿ ‘ಮೀಟರು ಓಡಿದೆ, ಕಟ್ಟಿರಿ’ ಎಂದರು. ಸಾಹುಕಾರರು ಜಗಳ ಆಡಲಿಲ್ಲ. ಮರುದಿನ ಎರಡು ಅರ್ಜಿ ತಂದರು: ಒಂದು ಬಿಲ್ಲಿನ ತಕರಾರು, ಇನ್ನೊಂದು ಎಸ್‌ಟಿಡಿಗೆ ಬೀಗ ಹಾಕಿಕೊಡಿ ಎಂದು. ಬೀಗದ ಸೌಲಭ್ಯ ಮೊದಲಿನಿಂದಲೂ ಇತ್ತು. ಕೇಳದವರಿಗೆ ನಾವು ಹೇಳುತ್ತಿರಲಿಲ್ಲ, ಅಷ್ಟೇ. ತಕರಾರು ಮುಗಿಯುವವರೆಗೆ ಹಳೆಯ ಬಿಲ್ಲುಗಳ ಸರಾಸರಿ ತೆಗೆದು, ಮೇಲೆ ಶೇಕಡಾ ಹತ್ತು ಸೇರಿಸಿ ಕಟ್ಟಿಸಿಕೊಂಡೆವು. ಇಂದಿನ ಕಂಪನಿಯ ಬಳಿ ಫಿಲ್ಮಿನ ಜಾಗದಲ್ಲಿ ಇರುವುದು ಆ ಎರಡು ಒಪ್ಪಿಗೆಗಳ ದಾಖಲೆ: ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ, ಯಾವ ಮಾರ್ಗದಿಂದ.

ಸಾಹುಕಾರರ ಎರಡು ಅರ್ಜಿಯ ಜಾಗದಲ್ಲಿ ನಿಮಗೆ ಮೂರು ಬೇಡಿಕೆ ಬೇಕು. ಸೇವೆಯನ್ನು ಬಂದ್ ಮಾಡುವುದು ಒಂದು ಕೆಲಸ. ಇನ್ನು ಮುಂದೆ ಹೊರಗಿನವರ ಯಾವ ಸೇವೆಯೂ ಈ ನಂಬರಿನ ಬಿಲ್ಲಿಗೆ ಬಾರದಂತೆ ತಡೆ ಹಾಕುವುದು ಬೇರೆ ಕೆಲಸ. ಹೋದ ಹಣ ಮರಳಿಸುವುದು ಮತ್ತೂ ಬೇರೆ. ಜಮಖಂಡಿಯ ಹುಡುಗ ಮೊದಲನೆಯದನ್ನಷ್ಟೇ ಮಾಡಿದ. ಹೊಲಕ್ಕೆ ನುಗ್ಗಿದ ದನವನ್ನು ಹೊಡೆದೋಡಿಸಿ ಬೇಲಿಯ ಕಂಡಿ ಮುಚ್ಚದೆ ಬಂದ. ದನ ಮತ್ತೆ ಬಂತು, ಬಣ್ಣ ಬೇರೆ ಇತ್ತು.

ಬಂದ್ ಮಾಡಲು ಅಂಗಡಿಗೆ ಹೋಗುವ ಅಗತ್ಯವೂ ಇಲ್ಲ. 155223 ಎಂಬ ಉಚಿತ ನಂಬರು ಎಲ್ಲ ಕಂಪನಿಗಳಿಗೂ ಒಂದೇ. ಕರೆ ಮಾಡಬಹುದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾಪ್’ ಎಂದು ಮೆಸೇಜೂ ಕಳಿಸಬಹುದು. ಅದನ್ನು ಇವತ್ತೇ ಮಾಡಿ. ಉಳಿದೆರಡಕ್ಕೆ 198ಕ್ಕೆ ಕರೆ ಮಾಡಿ ದೂರು ಬರೆಸಿ, ಡಾಕೆಟ್ ನಂಬರು, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೇಳಿ ಪಡೆಯಿರಿ. 121 ಮಾಹಿತಿಗಾಗಿ ಇರುವುದು, ಅಲ್ಲಿ ಅಳಲು ತೋಡಿಕೊಂಡರೆ ದೂರು ಎಂದು ದಾಖಲಾಗದೇ ಹೋಗಬಹುದು. ಫೋನಿನಲ್ಲಿ ಹೇಳಿದ್ದನ್ನೇ ಬರವಣಿಗೆಯಲ್ಲಿಯೂ ಕಳಿಸಿ, ಇ–ಮೇಲ್ ಆದರೂ ಸರಿ. ಹೀಗೆ ಬರೆಯಿರಿ:

‘ನನ್ನ ಪೋಸ್ಟ್‌ಪೇಡ್ ನಂಬರಿನ ಆರು ಬಿಲ್ಲುಗಳಲ್ಲಿ ನಾನು ಕೇಳದ ಸೇವೆಗಳಿಗಾಗಿ ತೆರಿಗೆ ಸೇರಿ ಒಟ್ಟು 700 ರೂಪಾಯಿ 92 ಪೈಸೆ ಹಾಕಲಾಗಿದೆ. ಬಿಲ್ಲುಗಳ ಪ್ರತಿ ಲಗತ್ತಿಸಿದ್ದೇನೆ. ಈ ಸೇವೆಗಳಿಗೆ ನಾನು ಎರಡು ಸಲ ಒಪ್ಪಿಗೆ ಕೊಟ್ಟಿರುವ ದಾಖಲೆಯನ್ನು ದಿನಾಂಕ, ವೇಳೆ ಮತ್ತು ಮಾರ್ಗದ ವಿವರದೊಂದಿಗೆ ಕೊಡಿರಿ. ದಾಖಲೆ ಇಲ್ಲದಿದ್ದರೆ ಪೂರ್ತಿ ಹಣವನ್ನು ತೆರಿಗೆಯೊಂದಿಗೆ ನನ್ನ ಖಾತೆಗೆ ಮರಳಿ ಜಮಾ ಮಾಡಿರಿ. ಇಂದಿನಿಂದ ಮೂರನೆಯವರ ಯಾವುದೇ ಚಂದಾ ಅಥವಾ ಖರೀದಿಯನ್ನು ನನ್ನ ಬಿಲ್ಲಿಗೆ ಸೇರಿಸದಂತೆ ತಡೆ ಹಾಕಿ, ಹಾಕಿದ್ದನ್ನು ಲಿಖಿತವಾಗಿ ತಿಳಿಸಿರಿ. ಈ ಮೊತ್ತ ತಕರಾರಿನಲ್ಲಿ ಇರುವುದರಿಂದ ಇದರ ಕಾರಣಕ್ಕೆ ಸಂಪರ್ಕ ಕಡಿಯಬಾರದು.’

ಇಷ್ಟೇ. ‘ನಾನು ಬಡ ನೇಕಾರ, ನನ್ನ ಮೇಲೆ ದಯೆಯಿಟ್ಟು’ ಎಂದು ಸೇರಿಸಬೇಡಿ. ದಯೆ ಕೇಳಿದರೆ, ಈ ಸಲಕ್ಕೆ ಮಾತ್ರ ಎಂದು ಐವತ್ತು ರೂಪಾಯಿ ರಿಯಾಯಿತಿ ಕೊಟ್ಟು ಕಡತ ಮುಚ್ಚುತ್ತಾರೆ.

‘ಸೇವೆ ಹತ್ತಿದ 24 ಗಂಟೆಯೊಳಗೆ ಹೇಳಬೇಕಿತ್ತು’ ಎಂಬ ಉತ್ತರ ಬರಬಹುದು. ಒಪ್ಪಿಗೆಯಿಲ್ಲದೆ ಹತ್ತಿದ್ದನ್ನು 24 ಗಂಟೆಯೊಳಗೆ ತಿಳಿಸಿದರೆ ಹಣ ಮರಳಿಸಬೇಕು ಎಂಬ ನಿಯಮ ಇರುವುದು ನಿಜ. ಅದು ಬೇಗ ಪರಿಹಾರ ಸಿಗಲಿ ಎಂದು ಮಾಡಿದ್ದು. ಒಪ್ಪಿಗೆಯೇ ಇಲ್ಲದ ಬಿಲ್ಲು 25ನೆಯ ಗಂಟೆಗೆ ಸಕ್ರಮವಾಗಿಬಿಡುತ್ತದೆ ಎಂಬ ಅರ್ಥ ಅದಕ್ಕಿಲ್ಲ. ಹೀಗೆ ಹೇಳಿದವರಿಗೆ ಮತ್ತೆ ಅದೇ ಪ್ರಶ್ನೆ ಹಾಕಿ: ದಾಖಲೆ ಎಲ್ಲಿ?

ಬಿಲ್ಲಿನ ತಕರಾರು ನಾಲ್ಕು ವಾರಗಳಲ್ಲಿ, ಅತಿ ಹೆಚ್ಚೆಂದರೆ ಆರು ವಾರಗಳಲ್ಲಿ ತೀರಬೇಕು. ತೀರದಿದ್ದರೆ, ಅಥವಾ ತೀರಿದ ರೀತಿ ಸರಿ ಎನಿಸದಿದ್ದರೆ, 30 ದಿನಗಳ ಒಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಶುಲ್ಕವಿಲ್ಲ. 39 ದಿನಗಳಲ್ಲಿ ಅವರು ತೀರ್ಮಾನ ಕೊಡಬೇಕು. ಟ್ರಾಯ್‌ಗೆ ಬರೆದು ಕಾಯುತ್ತ ಕೂರಬೇಡಿ, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ವಿಚಾರಿಸುವುದಿಲ್ಲ. ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗ ಬೇರೆ ಇದೆ, ಅದರ ನಂಬರು 1063.

ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ದಿಲ್ಲಿಯಲ್ಲಿರಲಿ, ಮುಂಬಯಿಯಲ್ಲಿರಲಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಅವಧಿ ಇದೆ. ‘ಮೊಬೈಲ್ ಬಿಲ್ಲಿನ ದೂರು ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ’ ಎಂದು ಯಾರಾದರೂ ಹೆದರಿಸಿದರೆ ಕೇಳಬೇಡಿ. ತಿಂಗಳಿಗೆ ಸರಾಸರಿ 555 ರೂಪಾಯಿ ಕಟ್ಟುತ್ತಿದ್ದ ಅಹಮದಾಬಾದಿನ ಗ್ರಾಹಕರೊಬ್ಬರಿಗೆ 2013ರಲ್ಲಿ ಒಂದೇ ತಿಂಗಳಿಗೆ 24,609 ರೂಪಾಯಿ ಬಿಲ್ಲು ಬಂದಿತ್ತು. ಕಂಪನಿ ಇದೇ ತಗಾದೆ ತೆಗೆದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಫೆಬ್ರುವರಿ 16ರಂದು ಕೋರ್ಟು, ಆಯೋಗಕ್ಕೆ ಅಧಿಕಾರ ಇದೆ ಎಂದಿತು. ಬಿಲ್ಲು ಸರಿಯೋ ತಪ್ಪೋ ಎನ್ನುವುದು ಇನ್ನೂ ಮುಂದಿನ ಮಾತು. ಯಾವ ಬಾಗಿಲು ಬಡಿಯಬೇಕು ಎಂದು ತಿಳಿಯಲಿಕ್ಕೇ ಸುಮಾರು ಎಂಟು ವರ್ಷ ಹಿಡಿಯಿತು. ಆ ಪುಣ್ಯಾತ್ಮರು ಬಡಿದ ಬಾಗಿಲು ಈಗ ನಿಮಗೆ ತೆರೆದಿದೆ. ಆದರೂ 700 ರೂಪಾಯಿಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಾರದು. ಮೇಲ್ಮನವಿಯ ಕಾಗದಕ್ಕೇ ಬಹಳಷ್ಟು ಪ್ರಕರಣಗಳು ಇತ್ಯರ್ಥವಾಗುವುದನ್ನು ನೋಡಿದ್ದೇನೆ.

ಇನ್ನೊಂದು ಮಾತು. ಬ್ಯಾಂಕಿನ ತಾನೇ ಕಡಿತವನ್ನು ಈ ತಕರಾರು ಮುಗಿಯುವವರೆಗಾದರೂ ನಿಲ್ಲಿಸಿ, ನಿಮ್ಮ ಕೈಯಾರೆ ಕಟ್ಟಿ. ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದ್ದನ್ನು ಹುಡುಕುವ ಕಣ್ಣು ನಿಮ್ಮದು. ಬಿಲ್ಲಿನ ಎರಡನೆಯ ಪುಟವನ್ನು ತಿಂಗಳಿಗೊಮ್ಮೆ ಆ ಕಣ್ಣಿನಿಂದ ನೋಡಿ.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಲಿಂಬೆ ತೋಟದಲ್ಲಿ ಇರುತ್ತಾರೆ. ಗುಂಡಿ ಒತ್ತುವ ಹಳೆಯ ಫೋನು, ಪ್ರಿಪೇಯ್ಡ್. ನೂರು ರೂಪಾಯಿ ಹಾಕಿಸಿದರೆ ಯಾರಿಗೂ ಕರೆ ಮಾಡದೆಯೇ ವಾರದಲ್ಲಿ ಖಾಲಿ. ಇಂಟರ್‌ನೆಟ್ಟೇ ಇಲ್ಲದ ಫೋನಿನಲ್ಲಿ ಇದು ಹೇಗೆ ಸಾಧ್ಯ?
— ಇಂಡಿ ತಾಲ್ಲೂಕಿನ ಓದುಗರು

ಉತ್ತರ: ತಂದೆಯವರು ಫೋನು ಎಲ್ಲಿ ಇಡುತ್ತಾರೆ ಎಂದು ನೀವು ಬರೆದಿಲ್ಲ. ನಾನೇ ಊಹಿಸುತ್ತೇನೆ: ಅಂಗಿಯ ಎದೆಯ ಕಿಸೆ, ಅದರಲ್ಲಿಯೇ ಎಲೆ–ಅಡಿಕೆಯ ಚಂಚಿ, ಸುಣ್ಣದ ಡಬ್ಬಿ. ನನ್ನ ಮಾವನವರದೂ ಹೀಗೆಯೇ ಇತ್ತು. ಸಿಮ್ಮಿನೊಳಗೇ ಒಂದು ಪುಟ್ಟ ಪಟ್ಟಿ ಇರುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಡ. ಅದರಿಂದ ಪರದೆಯ ಮೇಲೆ ಆಗಾಗ ಒಂದು ಸಂದೇಶ ತಾನಾಗಿ ಚಿಮ್ಮುತ್ತದೆ: ಇವತ್ತಿನ ಭವಿಷ್ಯ, ಕ್ರಿಕೆಟ್ ಸ್ಕೋರು, ಹೊಸ ಹಾಡು. ಕೆಳಗೆ ‘ಓಕೆ’. ಹಿರಿಯರು ಬಗ್ಗಿ ಕಸ ಕೀಳುವಾಗ ಸುಣ್ಣದ ಡಬ್ಬಿ ಓಕೆ ಒತ್ತುತ್ತದೆ. ಮಾವನವರ ಕಿಸೆ ಒಂದು ತಿಂಗಳಲ್ಲಿ ಎರಡು ರಾಶಿಗಳ ಭವಿಷ್ಯಕ್ಕೆ ಚಂದಾದಾರನಾಗಿತ್ತು, ಎರಡೂ ಅವರ ರಾಶಿಯಲ್ಲ. ಆ ಕಂಪನಿಯ ಹೆಸರು ಇಲ್ಲಿ ಬೇಡ.

ಕಾಲರ್ ಟ್ಯೂನಿನದು ಇನ್ನೊಂದು ಗೂಡು. ಬೇರೆಯವರಿಗೆ ಕರೆ ಮಾಡಿದಾಗ ‘ಈ ಹಾಡು ಬೇಕಿದ್ದರೆ ನಕ್ಷತ್ರ ಒತ್ತಿ’ ಎನ್ನುತ್ತದಲ್ಲ, ಅದನ್ನು ಕಿವಿಗೆ ಒತ್ತಿ ಹಿಡಿದ ಕೆನ್ನೆಯೇ ಒತ್ತಿಬಿಟ್ಟರೆ ಮುಗಿಯಿತು.

ಮೊದಲು 155223ಕ್ಕೆ ಅವರ ಫೋನಿನಿಂದಲೇ ಕರೆ ಮಾಡಿ ಹತ್ತಿರುವುದನ್ನೆಲ್ಲ ಕಿತ್ತು ಹಾಕಿಸಿ. ಆಮೇಲೆ ಫೋನಿನ ಪಟ್ಟಿಯಲ್ಲಿ ಸಿಮ್ ಟೂಲ್‌ಕಿಟ್ ಎಂದೋ, ಕಂಪನಿಯ ಹೆಸರಿನಲ್ಲೋ ಇರುವುದನ್ನು ತೆರೆದು, ಚಿಮ್ಮುವ ಸಂದೇಶಗಳನ್ನು ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಿ. ಎಲ್ಲಿ ಎಷ್ಟು ಹೋಗಿದೆ ಎಂದು ಕಾಗದದ ಮೇಲೆ ಬೇಕಾದರೆ, ಪ್ರಿಪೇಯ್ಡ್ ಗ್ರಾಹಕರಿಗೂ ಹಿಂದಿನ ಆರು ತಿಂಗಳ ವಿವರವಾದ ಲೆಕ್ಕ ಪಡೆಯುವ ಹಕ್ಕಿದೆ. ಅರ್ಜಿ ಕೊಟ್ಟ 30 ದಿನಗಳಲ್ಲಿ ಕೊಡಬೇಕು, 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಅಂಗಡಿಯವರು ‘ಪ್ರಿಪೇಯ್ಡ್‌ಗೆ ಬಿಲ್ಲೇ ಇಲ್ಲ’ ಎನ್ನುತ್ತಾರೆ. ಟ್ರಾಯ್‌ನ 2012ರ ಗ್ರಾಹಕ ರಕ್ಷಣಾ ನಿಯಮಾವಳಿಯಲ್ಲಿದೆ ಎಂದು ಹೇಳಿ.

ಎಲ್ಲಕ್ಕಿಂತ ಸುಲಭದ ಉಪಾಯ ಬೇರೆ. ನೂರರ ಟಾಪ್‌ಅಪ್ ಹಾಕಿಸುವುದನ್ನೇ ಬಿಟ್ಟು, ಕರೆಗಳು ಉಚಿತವಿರುವ ಪ್ಯಾಕನ್ನು ಮಾತ್ರ ಹಾಕಿಸಿ. ಮುಖ್ಯ ಬ್ಯಾಲೆನ್ಸ್ ಸೊನ್ನೆ ಇದ್ದರೆ ಕಡಿಯಲು ಅವರಿಗೆ ಏನೂ ಸಿಗುವುದಿಲ್ಲ. ಚಂಚಿಯನ್ನು ಬೇರೆ ಕಿಸೆಯಲ್ಲಿ ಇಡಿ ಎಂದು ತಂದೆಯವರಿಗೆ ಹೇಳುವ ಧೈರ್ಯ ನಿಮಗಿದ್ದರೆ ಅದೂ ಆಗಲಿ.

ಪ್ರಶ್ನೆ: ಡಿಎನ್‌ಡಿ ಹಾಕಿಸಿದ್ದೇನೆ. ಇಂಥ ಮೋಸ ನನಗೆ ಆಗುವುದಿಲ್ಲ ಅಲ್ಲವೇ?
— ಇಳಕಲ್

ಉತ್ತರ: ಆಗುತ್ತದೆ. 1909ಕ್ಕೆ ಹೇಳಿ ಹಾಕಿಸುವ ಡಿಎನ್‌ಡಿ ಜಾಹೀರಾತಿನ ಕರೆ ಮತ್ತು ಮೆಸೇಜುಗಳಿಗೆ ಮಾತ್ರ ಅಡ್ಡಿ. ಬಿಲ್ಲಿನ ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ. ಬನಹಟ್ಟಿಯವರಿಗೆ ಬರೆದ ಉತ್ತರದಲ್ಲಿರುವ ತಡೆಯನ್ನು ನೀವೂ ಕೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ಮಧ್ಯರಾತ್ರಿ ವಿದೇಶದ ನಂಬರಿನಿಂದ ಒಂದೇ ಒಂದು ರಿಂಗು ಬಂದು ನಿಂತಿತು. ಮಗ ದುಬೈಯಲ್ಲಿದ್ದಾನೆ, ಅವನಿಗೇ ಏನೋ ಆಗಿದೆ ಎಂದು ಗಾಬರಿಯಿಂದ ತಿರುಗಿ ಮಾಡಿದೆ. ಯಾವುದೋ ಸಂಗೀತ ಬರುತ್ತಿತ್ತು. ಮೂರು ನಿಮಿಷಕ್ಕೆ ಬಿಲ್ಲಿನಲ್ಲಿ ದೊಡ್ಡ ಮೊತ್ತ.
— ತಾಯಿಯೊಬ್ಬರು, ತಿಲಕವಾಡಿ, ಬೆಳಗಾವಿ

ಉತ್ತರ: ಗಾಬರಿಯಾಗಲಿ ಎಂದೇ ಒಂದು ರಿಂಗು. ಇದಕ್ಕೆ ವಾಂಗಿರಿ ಎಂಬ ಹೆಸರಿದೆ. ಜಪಾನಿ ಭಾಷೆಯಲ್ಲಿ ‘ಒಂದೇ ಸಲ ಬಾರಿಸಿ ಕತ್ತರಿಸು’ ಎಂಬ ಅರ್ಥ. ನೀವು ತಿರುಗಿ ಮಾಡಿದ ನಂಬರು ನಿಮಿಷಕ್ಕೆ ದುಬಾರಿ ದರ ಇರುವಂಥದ್ದು, ಆ ದರದಲ್ಲಿ ಮೋಸಗಾರರಿಗೆ ಪಾಲು. ಅದಕ್ಕೇ ಸಂಗೀತ ಹಾಕಿ ಕೂರಿಸುತ್ತಾರೆ.

ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಕರೆ ನಿಮ್ಮ ಫೋನಿನಿಂದ ಹೋಗಿದೆ, ಹಣ ಮರಳಿಸಿ ಎಂದು ಕೇಳಬಹುದು, ಸಿಗುವುದು ಕಷ್ಟ. ಆದರೆ ವಿದೇಶಿ ಕರೆಯ ಸೌಲಭ್ಯವನ್ನು ತೆಗೆಸಬಹುದು. ಮಗನ ಜೊತೆ ವಾಟ್ಸ್ಆ್ಯಪಿನಲ್ಲಿ ಮಾತನಾಡುವವರಿಗೆ ಐಎಸ್‌ಡಿ ಏಕೆ ಬೇಕು? ನಮ್ಮ ದೇಶದ ಸಂಕೇತ +91. ಬೇರೆ ಅಂಕಿಯಿಂದ ಶುರುವಾಗುವ ನಂಬರು ಮಗನದೇ ಎಂದು ಗುರುತು ಸಿಗದಿದ್ದರೆ ತಿರುಗಿ ಮಾಡಬೇಡಿ. ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ಬರೆದು ತಿಳಿಸಿ.

ಪ್ರಶ್ನೆ: ಪುಣೆಯ ವಸೂಲಿಯವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. ನನ್ನ ಹೆಸರಿನ ಪೋಸ್ಟ್‌ಪೇಡ್ ನಂಬರಿಗೆ 3,200 ರೂಪಾಯಿ ಬಾಕಿ ಇದೆಯಂತೆ. ನಾನು ಆ ನಂಬರನ್ನು ಕಂಡೇ ಇಲ್ಲ, ಪುಣೆಯನ್ನು ನೋಡಿಯೇ ಹತ್ತು ವರ್ಷ. ‘ಅರ್ಧ ಕಟ್ಟಿ, ಮುಗಿಸಿಬಿಡುತ್ತೇವೆ’ ಎನ್ನುತ್ತಾರೆ. ಕಟ್ಟಿ ಕೈತೊಳೆದುಕೊಳ್ಳಲೇ?
— ಶಿಕ್ಷಕರು, ಅಥಣಿ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ ಗುರುಗಳೇ. ಅರ್ಧ ಕಟ್ಟಿದರೆ ಪೂರ್ತಿ ಒಪ್ಪಿಕೊಂಡಂತೆ. ಸಂಚಾರ್ ಸಾಥಿಯಲ್ಲಿ ನಿಮ್ಮ ನಂಬರು ಹಾಕಿ ಒಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿರುವ ಸಿಮ್ಮುಗಳ ಪಟ್ಟಿ ಕಾಣುತ್ತದೆ. ಒಬ್ಬರಿಗೆ ಒಂಬತ್ತರವರೆಗೆ ಅವಕಾಶ ಇರುವುದರಿಂದಲೇ ಪರರ ಆಧಾರ್ ಕಾರ್ಡಿನ ಮೇಲೆ ಸಿಮ್ಮು ತೆಗೆಯುವವರಿಗೆ ಸುಗ್ಗಿ. ನಿಮ್ಮದಲ್ಲದ್ದರ ಎದುರು ‘ನನ್ನ ನಂಬರಲ್ಲ’ ಎಂದು ಗುರುತು ಹಾಕಿ.

ವಸೂಲಿಯವರ ಜೊತೆ ಮಾತು ಬೇಡ, ಅವರು ಕಮಿಷನ್ನಿಗೆ ದುಡಿಯುವವರು. ಕಂಪನಿಗೇ ಬರೆಯಿರಿ. ಆ ಸಂಪರ್ಕ ಕೊಡುವಾಗ ತುಂಬಿಸಿಕೊಂಡ ಗ್ರಾಹಕ ಅರ್ಜಿ ಮತ್ತು ಅದರ ಮೇಲಿನ ಫೋಟೊವನ್ನು ಕೇಳಿ. ಹಿಂದೊಮ್ಮೆ ಇಂಥದೇ ತಕರಾರಿನ ಅರ್ಜಿ ತರಿಸಿ ನೋಡಿದಾಗ, ಹೆಸರು ಹೆಂಗಸಿನದು, ಫೋಟೊದಲ್ಲಿ ಮೀಸೆಯಿತ್ತು. ಆಧಾರ್ ಬಯೋಮೆಟ್ರಿಕ್ಕಿಗೆ ಬೀಗ ಹಾಕುವ ಸೌಲಭ್ಯವಿದೆ, ಹಾಕಿ. ಅಥಣಿ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಕಂಪನಿಗೆ ಕಳಿಸಿ.

ಪ್ರಶ್ನೆ: ಬೇಡದ ಬಿಲ್ಲಿನ ಬಗ್ಗೆ ಫೇಸ್‌ಬುಕ್ಕಿನಲ್ಲಿ ಕಂಪನಿಯನ್ನು ಬೈದು ನಂಬರು ಸಮೇತ ಬರೆದಿದ್ದೆ. ಅರ್ಧ ಗಂಟೆಯಲ್ಲಿ ‘ಕಂಪನಿಯಿಂದ ಮಾತನಾಡುತ್ತಿದ್ದೇವೆ ಮೇಡಂ, ಮೋಸದ ಬಿಲ್ಲನ್ನು ಬ್ಲಾಕ್ ಮಾಡುತ್ತೇವೆ’ ಎಂದು ಫೋನು ಬಂತು. *401* ಒತ್ತಿ ಅವರು ಹೇಳಿದ ಹತ್ತು ಅಂಕಿ ಹಾಕಲು ಹೇಳಿದರು. ಹಾಕಿದೆ. ಸರಿಯೇ?
— ಗೃಹಿಣಿ, ವಿಜಯಪುರ

ಉತ್ತರ: ಈ ಕಾಗದ ನೋಡಿದ ದಿನವೇ ನಿಮಗೆ ಫೋನ್ ಮಾಡಿದ್ದೇನೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆ ಸಂಕೇತ ಬಿಲ್ಲನ್ನು ತಡೆಯುವುದಲ್ಲ, ನಿಮಗೆ ಬರುವ ಕರೆಗಳನ್ನೆಲ್ಲ ಆ ಹತ್ತು ಅಂಕಿಯ ನಂಬರಿಗೆ ತಿರುಗಿಸುವುದು. ಬ್ಯಾಂಕು ಅಥವಾ ವಾಟ್ಸ್ಆ್ಯಪು ಕರೆ ಮಾಡಿ ಒಟಿಪಿ ಹೇಳಿದರೆ ಅದು ಕೇಳಿಸುವುದು ಅವರ ಕಿವಿಗೆ. ಈ ಮೋಸ ಹೆಚ್ಚಾಗಿದ್ದಕ್ಕೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ಸಂಕೇತ ಒತ್ತಿ ಕರೆ ತಿರುಗಿಸುವುದನ್ನು ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ನಿಮ್ಮದು ಬಹುಶಃ ಅದರಿಂದಲೇ ಉಳಿದಿದೆ. ಆದರೂ ಫೋನಿನ ಕರೆ ಸೆಟ್ಟಿಂಗ್ಸ್‌ನಲ್ಲಿ ‘ಕಾಲ್ ಫಾರ್ವರ್ಡಿಂಗ್’ ತೆರೆದು, ಯಾವುದಾದರೂ ಅಪರಿಚಿತ ನಂಬರು ಕುಳಿತಿದೆಯೇ ನೋಡಿ. ##002# ಒತ್ತಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದಿತ್ತು. ‘ನನ್ನ ಡಾಕೆಟ್ ನಂಬರು ಹೇಳಿ’ ಎಂದಿದ್ದರೆ ಆ ಮನುಷ್ಯ ಫೋನು ಇಟ್ಟುಬಿಡುತ್ತಿದ್ದ. ಫೇಸ್‌ಬುಕ್ಕಿನಲ್ಲಿ ಬೈದದ್ದಕ್ಕೆ ಡಾಕೆಟ್ ನಂಬರು ಹುಟ್ಟುವುದಿಲ್ಲ, 198ಕ್ಕೆ ಹೇಳಿದರೆ ಹುಟ್ಟುತ್ತದೆ. ನಿಮ್ಮ ಆ ಬರಹವನ್ನು, ಮುಖ್ಯವಾಗಿ ಅದರಲ್ಲಿರುವ ನಂಬರನ್ನು, ಈಗಲಾದರೂ ಅಳಿಸಿ. ನಿನ್ನೆ ಸಂಜೆ ನೋಡಿದಾಗ ಇನ್ನೂ ಅಲ್ಲಿಯೇ ಇತ್ತು.